ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದ ಪಕ್ಷದಲ್ಲಿ? ಆಗ ಕುಣಿಯುವವಳನ್ನು ದೂರಿದವರೇ ತಲೆ ತಗ್ಗಿಸಬೇಕಾಗುತ್ತದೆ. ಮೊನ್ನೆ ನಮ್ಮ ಮನೆಯಲ್ಲಿ ನಡೆದುದೂ ಇದೇ.

ನನ್ನ ತಂಗಿಯ ಹೆಣ್ಣುಮಕ್ಕಳಿಬ್ಬರಿಗೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯ ಲ್ಯಾಪ್‌ಟಾಪುಗಳನ್ನು ಕೊಡಿಸಿದ್ದೆ. ಹಿರಿಯಳ ಯಂತ್ರ 10 ನಿಮಿಷದಲ್ಲಿ ಮುಗಿಸುವ ವಿಡಿಯೋ ಜೋಡಣೆಯ ಕೆಲಸಕ್ಕೆ ಕಿರಿಯಳ ಯಂತ್ರ 15 ನಿಮಿಷ ತೆಗೆದುಕೊಳ್ಳತೊಡಗಿತು.

“ಮಾವ, ನನಗೆ ಸಿಕ್ಕಿದ್ದೇ ಕೆಟ್ಟ ಪ್ರೊಸೆಸರು. ಇದನ್ನು ಮಾರಿ ಬೇರೆ ಕೊಡಿಸು” ಎಂದು ಅವಳು ಹಟ ಹಿಡಿದಳು. ಬೇರೆ ಕೊಡಿಸುವುದೆಂದರೆ ನನ್ನ ಕಿಸೆಗೆ ಕತ್ತರಿ. ಆದುದರಿಂದ ವಿಚಾರಣೆಗೆ ತೊಡಗಿದೆ.

ಪ್ರೊಸೆಸರು ತಾಳಕ್ಕೆ ತಕ್ಕಂತೆ ನಡೆಯುವ ವಸ್ತು. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ತಾಳ. ಈ ಅಂಕಿಯನ್ನು ಸ್ಥಿರವೆಂದು ನಂಬುವುದೇ ನಮ್ಮ ತಪ್ಪು. ಇಂದಿನ ಪ್ರೊಸೆಸರು ತನ್ನ ಮೈಯ ಬಿಸಿಯನ್ನೂ ತನಗೆ ದೊರೆಯುವ ವಿದ್ಯುತ್ತನ್ನೂ ಕ್ಷಣಕ್ಷಣಕ್ಕೂ ಗಮನಿಸುತ್ತ, ತಾಳವನ್ನು ಏರಿಸುತ್ತದೆ, ಇಳಿಸುತ್ತದೆ. ಬಿಸಿ ಮಿತಿ ಮುಟ್ಟಿತೆಂದರೆ, ಸುಟ್ಟುಹೋಗದಿರಲೆಂದು ತಾನಾಗಿಯೇ ನಿಧಾನಿಸುತ್ತದೆ.

ನೋಡಿದರೆ, ಹಿರಿಯಳ ಯಂತ್ರ ಮೇಜಿನ ಮೇಲಿತ್ತು. ಕಿರಿಯಳದು ಹಾಸಿಗೆಯ ಮೇಲೆ. ಎರಡಕ್ಕೂ ಚಾರ್ಜರು ಸಿಕ್ಕಿಸಿ, ಸ್ಥಳವನ್ನು ಮಾತ್ರ ಅದಲುಬದಲು ಮಾಡಿ, ಅದೇ ಕೆಲಸವನ್ನು ಮೂರು ಬಾರಿ ಕೊಟ್ಟೆ. ಮೇಜಿಗೆ ಬಂದ ಯಂತ್ರ 10 ನಿಮಿಷದಲ್ಲಿ ಮುಗಿಸಿತು. ಹಾಸಿಗೆಗೆ ಹೋದುದು 15 ನಿಮಿಷ ತೇಕಿತು. ಗಾಳಿಯಾಡುವ ಕಿಂಡಿಗಳನ್ನು ಹಾಸಿಗೆ ಮುಚ್ಚಿಬಿಟ್ಟಿತ್ತು. ರೋಗ ಬಂದವರು ಹಾಸಿಗೆ ಹಿಡಿಯುವುದು ಲೋಕರೂಢಿ; ಇಲ್ಲಿ ಹಾಸಿಗೆ ಹಿಡಿದುದರಿಂದಲೇ ರೋಗ!

ನನ್ನ ಸೊಸೆಯೊಬ್ಬಳನ್ನೇ ನಗಬೇಕಾಗಿಲ್ಲ. ಹಳೆಯ ಐಫೋನುಗಳು ನಿಧಾನವಾದುವೆಂಬ ದೂರು ಒಂದು ಕಾಲದಲ್ಲಿ ಎಲ್ಲೆಡೆ ಕೇಳಿಬರುತ್ತಿತ್ತು. 2017ರ ಡಿಸೆಂಬರಿನಲ್ಲಿ ಒಬ್ಬ ಬಳಕೆದಾರ ಬ್ಯಾಟರಿಯನ್ನಷ್ಟೇ ಬದಲಾಯಿಸಲು, ಫೋನಿಗೆ ಮೊದಲಿನ ವೇಗ ಮರಳಿತು. ವೇಗವನ್ನು ಅಳೆಯುವ ‘ಗೀಕ್‌ಬೆಂಚ್’ ತಂತ್ರಾಂಶದ ಜಾನ್ ಪೂಲ್ ಅವರು ಅನೇಕ ಫೋನುಗಳ ಅಂಕಿಗಳನ್ನು ಕೂಡಿಸಿ ನೋಡಿದರು. ಒಂದೇ ಮಾದರಿಯ ಫೋನುಗಳು ಒಂದೇ ವೇಗದ ಸುತ್ತ ಗುಂಪುಗೂಡದೆ, ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದುವು. ಮೆಟ್ಟಿಲು ತಾನಾಗಿ ಹುಟ್ಟುವುದಿಲ್ಲ, ಕಟ್ಟಿದವರಿರಬೇಕು.

ಕೆಲವೇ ದಿನಗಳಲ್ಲಿ ಆಪಲ್ ಕಂಪೆನಿ ನಿಜವನ್ನು ಒಪ್ಪಿಕೊಂಡಿತು. ಮುಪ್ಪಾದ ಬ್ಯಾಟರಿಯು ಪ್ರೊಸೆಸರು ಹಠಾತ್ತನೆ ಕೇಳಿದಷ್ಟು ವಿದ್ಯುತ್ತನ್ನು ಕೊಡಲಾರದೆ ಫೋನು ಆರಿಹೋಗುತ್ತಿದ್ದುದರಿಂದ, ಆ ವರ್ಷದ ಜನವರಿಯ ತಂತ್ರಾಂಶದಲ್ಲೇ ವೇಗಕ್ಕೆ ಕಡಿವಾಣ ಹಾಕಲಾಗಿತ್ತು. ಕಾರಣವೇನೋ ಯುಕ್ತವೇ, ಬಳಸುವವರಿಗೆ ಸ್ಪಷ್ಟವಾಗಿ ತಿಳಿಸದಿದ್ದುದು ಅಪರಾಧ. ಡಿಸೆಂಬರ್ 28ರಂದು ಕಂಪೆನಿ ಕ್ಷಮೆ ಕೋರಿ, 79 ಡಾಲರಿನ ಬ್ಯಾಟರಿ ಬದಲಾವಣೆಯ ದರವನ್ನು 29 ಡಾಲರಿಗೆ ಇಳಿಸಿತು. ಅಷ್ಟರೊಳಗೆ ಹೊಸ ಫೋನು ಕೊಂಡವರ ಹಣವೋ, ಹೋದುದು ಹೋಯಿತು.

ವಾಚಕರೇ, ನಿಮ್ಮ ಯಂತ್ರವೂ ನೆರೆಯವರದಕ್ಕಿಂತ ಹಿಂದುಳಿದರೆ ಆತುರಪಡಬೇಡಿ. ಒಂದೇ ಕೆಲಸವನ್ನು ಎರಡಕ್ಕೂ ಕೊಟ್ಟು ಗಡಿಯಾರ ನೋಡಿ. ಬಳಿಕ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ: ಕಿಂಡಿಯ ಧೂಳನ್ನು ತೆಗೆಯಿರಿ, ಚಾರ್ಜರು ಸಿಕ್ಕಿಸಿ ನೋಡಿ, ವಿದ್ಯುತ್ ಉಳಿಸುವ ವ್ಯವಸ್ಥೆ ಜಾರಿಯಲ್ಲಿದೆಯೇ ಪರೀಕ್ಷಿಸಿ, ಮರೆಯಲ್ಲಿ ಓಡುತ್ತಿರುವ ಕಾರ್ಯಕ್ರಮಗಳನ್ನು ನಿಲ್ಲಿಸಿ, ಮೆಮೊರಿ ಪಟ್ಟಿಗಳು ಒಂದರಲ್ಲಿ ಎರಡಿದ್ದು ಇನ್ನೊಂದರಲ್ಲಿ ಒಂದೇ ಇದೆಯೇ ವಿಚಾರಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಗುಣವಾದೀತು. ಮದ್ದು ಯಾವುದೆಂದು ಮಾತ್ರ ತಿಳಿಯದು. ಪ್ರೊಸೆಸರನ್ನು ದೂರುವುದು ಎಲ್ಲಕ್ಕೂ ಕೊನೆಗೆ.

ನಮ್ಮ ಕಿರಿಯಳಿಗೆ ಈಗ ಹೊಸ ಯಂತ್ರದ ಚಿಂತೆಯಿಲ್ಲ. ಅಜ್ಜಿಯ ಊಟದ ಮಣೆಯನ್ನು ಹಾಸಿಗೆಯ ಮೇಲಿಟ್ಟು, ಲ್ಯಾಪ್‌ಟಾಪನ್ನು ಅತಿಥಿಯಂತೆ ಅದರ ಮೇಲೆ ಕೂಡಿಸಿದ್ದಾಳೆ. ಮಣೆ ಹಾಕಿದಂದಿನಿಂದ ಅದಕ್ಕೂ ಮುನಿಸಿಲ್ಲ.