ಪುದುಚೇರಿಯಲ್ಲಿ ಉಳಿದ ಓಲೆಗಳು

ಪರದೇಶದವರು ನಮ್ಮ ನಾಡಿನ ಹಳೆಯ ಗ್ರಂಥಗಳನ್ನು ಸಂಗ್ರಹಿಸಿದರೆಂಬ ಮಾತು ಬಂದಾಗಲೆಲ್ಲ ನಮ್ಮ ಮನಸ್ಸು ಲಂಡನ್, ಪ್ಯಾರಿಸ್, ಬರ್ಲಿನ್ ನಗರಗಳತ್ತ ಓಡುತ್ತದೆ. ಹಡಗನ್ನೇರಿ ಹೋದ ಓಲೆಕಟ್ಟುಗಳನ್ನು ನೆನೆದು ನಿಟ್ಟುಸಿರು ಹೊರಡುತ್ತದೆ. ಆ ನಿಟ್ಟುಸಿರು ಅಕಾರಣವಾದುದಲ್ಲ. ಆದರೆ ಹಡಗನ್ನೇರದೆ ಈ ನೆಲದಲ್ಲಿಯೇ ಉಳಿದು, ಪರದೇಶದ ಸಂಸ್ಥೆಯೊಂದರ ಆಶ್ರಯದಲ್ಲಿ ಬದುಕಿಕೊಂಡ ಗ್ರಂಥರಾಶಿಯೊಂದಿದೆ. ಅದು ಪುದುಚೇರಿಯ ಫ್ರೆಂಚ್ ಸಂಶೋಧನ ಸಂಸ್ಥೆಯ ಭಾಂಡಾರ. ಶೈವಾಗಮಗಳ ಹಸ್ತಪ್ರತಿಗಳು ಇಷ್ಟು ದೊಡ್ಡ ಪ್ರಮಾಣದಲ್ಲಿ ಒಂದೆಡೆ ಸೇರಿರುವುದು ಅಪೂರ್ವ. ಓದುಗ ಬಂಧುಗಳು ಅದರ ವೃತ್ತಾಂತವನ್ನು ತಿಳಿದಿರುವುದು ಉಚಿತ.

ಪುದುಚೇರಿಯ ಆಡಳಿತವು 1954ರ ನವೆಂಬರ್ 1ರಂದು ಫ್ರೆಂಚರಿಂದ ಭಾರತಕ್ಕೆ ಬಂದಿತು. ವಿಧ್ಯುಕ್ತ ಹಸ್ತಾಂತರವು ಪೂರ್ಣಗೊಂಡದ್ದು 1962ರಲ್ಲಿ. ಈ ನಡುವೆ, ಉಭಯ ಸರ್ಕಾರಗಳ ಒಪ್ಪಿಗೆಯಿಂದ 1955ರ ಮಾರ್ಚ್ 21ರಂದು ಅಲ್ಲಿ ಈ ಸಂಶೋಧನ ಸಂಸ್ಥೆಯು ಆರಂಭವಾಯಿತು. ಆಳುವವರು ಹೊರಡುವಾಗ ಗಂಟುಮೂಟೆ ಕಟ್ಟುವುದು ಲೋಕರೂಢಿ. ಇಲ್ಲಿ ಹೊರಡುವ ಹೊತ್ತಿಗೆ ಒಂದು ವಿದ್ಯಾಮಂದಿರದ ಬಾಗಿಲು ತೆರೆದುಕೊಂಡಿತು. ಅದರ ಸ್ಥಾಪಕ ನಿರ್ದೇಶಕರು ಜಾನ್ ಫಿಲಿಯೋಜಾ (1906–1982). ವೃತ್ತಿಯಿಂದ ವೈದ್ಯರಾಗಿದ್ದ ಅವರು ಸಂಸ್ಕೃತ, ತಮಿಳು, ಟಿಬೆಟನ್ ಭಾಷೆಗಳನ್ನು ಬಲ್ಲವರು, ಆಯುರ್ವೇದದ ಇತಿಹಾಸವನ್ನು ಬರೆದವರು. ದಕ್ಷಿಣ ಭಾರತದ ದೇವಾಲಯಗಳನ್ನು ಅರಿಯಬೇಕಾದರೆ ಅವುಗಳನ್ನು ನಡೆಸಿಕೊಂಡು ಬಂದ ಶಾಸ್ತ್ರವನ್ನು ಮೊದಲು ಅರಿಯಬೇಕು ಎಂಬುದು ಅವರ ನಿಲುವಾಗಿತ್ತು. ಆ ಶಾಸ್ತ್ರವೇ ಆಗಮ.

ಕಾಮಿಕದಿಂದ ವಾತುಲದವರೆಗೆ ಶೈವಾಗಮಗಳು ಇಪ್ಪತ್ತೆಂಟು ಎಂದು ಪರಂಪರೆಯು ಎಣಿಸುತ್ತದೆ. ಜ್ಞಾನ, ಕ್ರಿಯೆ, ಯೋಗ, ಚರ್ಯೆ ಎಂಬ ನಾಲ್ಕು ಪಾದಗಳೂ ಹೆಸರಾಂತವೇ. ವೀರಶೈವ ಸಂಸ್ಕೃತ ಗ್ರಂಥಗಳಲ್ಲಿಯೂ ಈ ಆಗಮಗಳ ಹೆಸರು ಪದೇ ಪದೇ ಬರುತ್ತದೆ. ಆದರೆ ಹೆಸರು ಹೇಳುವುದು ಬೇರೆ, ಗ್ರಂಥವನ್ನು ತೆರೆದು ಓದುವುದು ಬೇರೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಇವುಗಳಲ್ಲಿ ಕೆಲವು ಮಾತ್ರ, ಅದೂ ಗ್ರಂಥಲಿಪಿಯಲ್ಲಿ, ಅಚ್ಚಾಗಿದ್ದವು. ಮಿಕ್ಕವು ತಮಿಳುನಾಡಿನ ದೇವಾಲಯಗಳಲ್ಲಿ, ಮಠಗಳಲ್ಲಿ, ಅರ್ಚಕ ಮನೆತನಗಳ ಅಟ್ಟಗಳಲ್ಲಿ ಓಲೆಯ ರೂಪದಲ್ಲಿದ್ದವು. ತೆಂಕಣದ ಸೆಕೆ ತೇವಗಳಲ್ಲಿ ತಾಳೆಯೋಲೆಯು ಇನ್ನೂರು ಮುನ್ನೂರು ವರ್ಷ ಬಾಳಿದರೆ ಹೆಚ್ಚು. ಹಿಂದಿನವರು ಇದನ್ನರಿತೇ ತಲೆಮಾರಿಗೊಮ್ಮೆ ಹೊಸ ಪ್ರತಿ ಮಾಡಿಸುತ್ತಿದ್ದರು. ಆ ಪದ್ಧತಿ ನಿಂತ ಮೇಲೆ ಗೆದ್ದಲಿಗೂ ಹುಳುವಿಗೂ ಅಡ್ಡಿಯಿಲ್ಲದಂತಾಯಿತು.

1956ರಲ್ಲಿ ಸಂಗ್ರಹಕಾರ್ಯವು ಮೊದಲಾಯಿತು. ಈ ಕಾರ್ಯದ ಜೀವಾಳವಾಗಿದ್ದವರು ನಿಡ್ಡೋಡಿ ರಾಮಚಂದ್ರ ಭಟ್ಟರು (1920–2009). ಅವರು ಕರ್ನಾಟಕದವರೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಧನ ಫ್ರಾನ್ಸಿನದು, ಓಲೆ ಓದುವ ಕಣ್ಣು, ಪಾಠ ನಿಷ್ಕರ್ಷಿಸುವ ಬುದ್ಧಿ ಬಹುಮಟ್ಟಿಗೆ ಈ ನಾಡಿನ ಪಂಡಿತರದು. ಅವರು ಊರೂರು ತಿರುಗಿ ಕಟ್ಟುಗಳನ್ನು ಪಡೆದರು. ಮೂಲಪ್ರತಿ ಕೈಗೆ ಬಾರದ ಕಡೆ ಎರವಲು ಪಡೆದು ದೇವನಾಗರಿಯಲ್ಲಿ ಕಾಗದದ ಮೇಲೆ ಪ್ರತಿ ಮಾಡಿಸಿದರು.

ಹೀಗೆ ಸೇರಿದ ಓಲೆಯ ಹಸ್ತಪ್ರತಿಗಳು ಈ ಸಂಸ್ಥೆಯೊಂದರಲ್ಲಿಯೇ ಎಂಟು ಸಾವಿರಕ್ಕೆ ಮಿಕ್ಕಿವೆ. ಕಾಗದದ ಪ್ರತಿಗಳು ಸಾವಿರಕ್ಕೆ ಮಿಕ್ಕಿವೆ. ಅದೇ ಊರಿನಲ್ಲಿರುವ, ದೂರಪ್ರಾಚ್ಯ ಅಧ್ಯಯನದ ಇನ್ನೊಂದು ಫ್ರೆಂಚ್ ಸಂಸ್ಥೆಯ ಸಂಗ್ರಹವನ್ನೂ ಸೇರಿಸಿದರೆ ಒಟ್ಟು ಸಂಖ್ಯೆ ಸುಮಾರು 11,000. ಬಹುಪಾಲು ಸಂಸ್ಕೃತ ಭಾಷೆ, ಗ್ರಂಥಲಿಪಿ. ತಮಿಳು, ತೆಲುಗು, ಮಲಯಾಳ, ತುಳು ಮೊದಲಾದ ಲಿಪಿಗಳೂ ಉಂಟು. ನಮ್ಮ ಕರಾವಳಿ ಮಲೆನಾಡುಗಳ ತಿಗಳಾರಿ ಲಿಪಿಯು ಈ ಗ್ರಂಥಲಿಪಿಯ ದಾಯಾದಿಯೇ ಆಗಿದೆ.

ಕೂಡಿಹಾಕುವುದರಲ್ಲಿಯೇ ಸಂಸ್ಥೆಯ ಶ್ರಮ ಮುಗಿದಿದ್ದರೆ ಅದನ್ನು ಉಗ್ರಾಣವೆನ್ನಬಹುದಿತ್ತು, ಗ್ರಂಥಾಲಯವೆನ್ನಲಾಗುತ್ತಿರಲಿಲ್ಲ. ಭಟ್ಟರು ಅನೇಕ ಪ್ರತಿಗಳನ್ನು ಮುಂದಿಟ್ಟುಕೊಂಡು, ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸಿ ಆಗಮಗಳನ್ನು ಪರಿಷ್ಕರಿಸಿದರು. ರೌರವಾಗಮದ ಮೊದಲ ಸಂಪುಟ 1961ರಲ್ಲಿ ಹೊರಬಂದಿತು, ಮೂರನೆಯದು 1988ರಲ್ಲಿ. ಒಂದು ಆಗಮಕ್ಕೆ ಇಪ್ಪತ್ತೇಳು ವರ್ಷ! ಮೃಗೇಂದ್ರ, ಅಜಿತ, ಮತಂಗಪಾರಮೇಶ್ವರಗಳೂ ಹೀಗೆಯೇ ಬೆಳಕು ಕಂಡವು. ಮತಂಗಕ್ಕೆ ವೃತ್ತಿ ಬರೆದ ಭಟ್ಟ ರಾಮಕಂಠನು ಸಾವಿರ ವರ್ಷದಷ್ಟು ಹಿಂದಿನ ಕಾಶ್ಮೀರದ ಪಂಡಿತ. ಉತ್ತರದ ತುದಿಯಲ್ಲಿ ಹುಟ್ಟಿದ ವ್ಯಾಖ್ಯಾನಗಳನ್ನು ದಕ್ಷಿಣದ ತುದಿಯ ಮನೆಗಳೂ ಕಾಪಾಡಿಕೊಂಡು ಬಂದವು ಎಂದರೆ, ಶೈವವಿದ್ಯೆಯು ಒಂದು ಕಾಲಕ್ಕೆ ಎಷ್ಟು ದೂರ ನಡೆದಿತ್ತೆಂಬುದು ವಿದಿತವಾಗುತ್ತದೆ. ಫ್ರೆಂಚ್ ವಿದುಷಿ ಎಲೆನ್ ಬ್ರುನರ್ ಅವರು ಶೈವಾಚಾರದ ಕೈಪಿಡಿಯಾದ ಸೋಮಶಂಭುಪದ್ಧತಿಯನ್ನು ಅನುವಾದ ಟಿಪ್ಪಣಿಗಳೊಡನೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಮೊದಲನೆಯದು 1963ರಲ್ಲಿ, ಕೊನೆಯದು 1998ರಲ್ಲಿ. ಇಂತಹ ತಾಳ್ಮೆಯನ್ನು ತಪಸ್ಸೆಂದರೆ ಉತ್ಪ್ರೇಕ್ಷೆಯಾಗದು.

ಸಂಸ್ಥೆಯ ಸಂಗ್ರಹವು ಓಲೆಗಳಿಗಷ್ಟೇ ಸೀಮಿತವಲ್ಲ. ದಕ್ಷಿಣದ ದೇವಾಲಯ, ಶಿಲ್ಪಗಳ ಒಂದು ಲಕ್ಷಕ್ಕೂ ಮಿಕ್ಕ ಛಾಯಾಚಿತ್ರಗಳು ಅಲ್ಲಿವೆ. ಪಶ್ಚಿಮಘಟ್ಟಗಳ ಒಣಗಿಸಿದ ಸಸ್ಯಮಾದರಿಗಳೂ ಪರಾಗಗಳ ಸಂಗ್ರಹವೂ ಇವೆ. ಕರ್ನಾಟಕ, ಕೇರಳಗಳ ಅರಣ್ಯ ಇಲಾಖೆಗಳೊಡನೆ ಕೂಡಿ 1982ರಿಂದ ಪ್ರಕಟಿಸಿದ ಅರಣ್ಯ ನಕ್ಷೆಗಳಲ್ಲಿ ನಮ್ಮ ಮಡಿಕೇರಿ, ಶಿವಮೊಗ್ಗ, ಬೆಳಗಾವಿ ಸೀಮೆಗಳ ಕಾಡುಗಳು ಅಡಕವಾಗಿವೆ. ಓಲೆಯನ್ನು ಓದಿದ ಶ್ರದ್ಧೆಯಿಂದಲೇ ಅಲ್ಲಿನವರು ಎಲೆಯನ್ನೂ ಓದಿದರು.

2005ರಲ್ಲಿ ಯುನೆಸ್ಕೋ ಸಂಸ್ಥೆಯು ಪುದುಚೇರಿಯ ಶೈವ ಹಸ್ತಪ್ರತಿಗಳನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಅನೇಕ ಪ್ರತಿಗಳ ಚಿತ್ರಗಳು ಈಗ ಅಂತರಜಾಲದಲ್ಲಿ ದೊರೆಯುತ್ತವೆ. ಪ್ಯಾರಿಸ್ಸಿನಲ್ಲಿರುವವನೂ ಬಸವನಬಾಗೇವಾಡಿಯಲ್ಲಿರುವವನೂ ಅವುಗಳನ್ನು ಸಮಾನವಾಗಿ ನೋಡಬಲ್ಲರು. ಆದರೆ ನೋಡುವವರೆಲ್ಲ ಓದಬಲ್ಲರೇ? ಕಷ್ಟವಿರುವುದು ಇಲ್ಲಿಯೇ. ಗ್ರಂಥಲಿಪಿಯನ್ನು ಸರಾಗವಾಗಿ ಓದಿ, ಆಗಮದ ಪರಿಭಾಷೆಯನ್ನರಿತು, ಒಂದು ಪಾಠವನ್ನು ಇನ್ನೊಂದರೊಡನೆ ತೂಗಬಲ್ಲವರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಹುಳುವಿನಿಂದ ಓಲೆಯನ್ನು ಕಾಪಾಡಲು ಉಪಾಯಗಳುಂಟು. ಓದುವವನಿಲ್ಲದ ಅಕ್ಷರವನ್ನು ಕಾಪಾಡಲು ಓದುವವನನ್ನು ಸಿದ್ಧಪಡಿಸುವುದಲ್ಲದೆ ಬೇರೆ ಉಪಾಯವಿಲ್ಲ. ಪರದೇಶದವರು ಕಟ್ಟಡ ಕಟ್ಟಿಕೊಟ್ಟಾರು, ಧನವನ್ನೂ ಕೊಟ್ಟಾರು. ನಮ್ಮ ಮಕ್ಕಳಿಗೆ ಬದಲಾಗಿ ಅವರು ಓದಲಾರರು. ಓದಿದರೂ ಆ ಓದು ಅವರದಾಗುತ್ತದೆ, ನಮ್ಮದಾಗದು.

ಆದುದರಿಂದ ನಮ್ಮ ಮಠ ಮನೆತನಗಳಲ್ಲಿ ವಿನಂತಿಸಬೇಕಾದ ಮಾತು ಎರಡೇ. ಮೊದಲನೆಯದು, ದೇವರ ಜಗಲಿಯ ಮೇಲೋ ಅಟ್ಟದಲ್ಲೋ ಓಲೆಕಟ್ಟಿದ್ದರೆ ಅದಕ್ಕೆ ವಿಭೂತಿ ಧರಿಸಿ ಕೈಮುಗಿಯುವಲ್ಲಿಗೆ ನಿಲ್ಲಬೇಡಿರಿ. ಜೀರ್ಣವಾಯಿತೆಂದು ಹೊಳೆಗೆ ಬಿಡಲೂ ಬೇಡಿರಿ. ಅಡಿಗೆಯ ಎಣ್ಣೆ ಸವರಿದರೆ ಜಿಡ್ಡು ಹಿಡಿದು ಧೂಳು ಮೆತ್ತಿಕೊಳ್ಳುತ್ತದೆ. ಬಿಗಿದ ದಾರವನ್ನು ಜಗ್ಗಿದರೆ ಅಂಚು ಮುರಿಯುತ್ತದೆ. ಒಣಬಟ್ಟೆಯಲ್ಲಿ ಸುತ್ತಿಟ್ಟು, ಸಮೀಪದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರಿಗೆ ತಿಳಿಸಿರಿ. ಮೂಲವನ್ನು ಕೊಡಲು ಮನಸ್ಸಾಗದಿದ್ದರೆ ಅದರ ಚಿತ್ರ ತೆಗೆಯಲಾದರೂ ಅವಕಾಶ ಕೊಡಿರಿ. ಪುದುಚೇರಿಯಲ್ಲಿ ಕಾಗದದ ಪ್ರತಿಗಳು ಹುಟ್ಟಿದ್ದು ಅಂತಹ ಉದಾರತೆಯಿಂದಲೇ.

ಎರಡನೆಯದು ಹೆಚ್ಚು ಮುಖ್ಯವಾದುದು. ಮನೆಯಲ್ಲಿ ಓದಿನಲ್ಲಿ ಆಸಕ್ತಿಯುಳ್ಳ ಮಗನೋ ಮಗಳೋ ಇದ್ದರೆ, ಅವರು ಯಾವ ಉದ್ಯೋಗದಲ್ಲಿಯೇ ಇರಲಿ, ಒಂದು ಹಳೆಯ ಲಿಪಿಯನ್ನು ಕಲಿಯಲು ಪ್ರೋತ್ಸಾಹಿಸಿರಿ. ಫಿಲಿಯೋಜಾ ಅವರು ವೈದ್ಯರಾಗಿದ್ದುಕೊಂಡೇ ಸಂಸ್ಕೃತ ಕಲಿತವರು. ಅಂತಹ ಕೆಲವರು ನಮ್ಮ ಮನೆಗಳಿಂದ ಹೊರಟರೆ, ಪುದುಚೇರಿಯ ಕಪಾಟುಗಳಲ್ಲಿರುವ ಓಲೆಗಳು ಉಳಿದದ್ದು ಸಾರ್ಥಕವಾದೀತು.