ಎಲ್ಲಾ ಐತೆ ಅಂತಾರೆ, ನೀರೆಲ್ಲಿಂದ ಅಂತ ಕೇಳ್ರವ್ವ

ಹೋದ ವಾರ ನಮ್ಮ ವಾರಗಿತ್ತಿ ಚನ್ನರಾಯಪಟ್ಟಣದಿಂದ ಫೋನ್ ಮಾಡಿದ್ಲು. ಮಗ ಸೊಸೆ ವೈಟ್‌ಫೀಲ್ಡ್ ಕಡೆ ಒಂದು ಫ್ಲ್ಯಾಟ್ ನೋಡ್ಕೊಂಡು ಬಂದವ್ರಂತೆ. "ಅಕ್ಕ, ಒಂದೇ ಕಾಂಪೌಂಡಲ್ಲಿ ಮನೆ, ಆಫೀಸು, ಮಾಲು, ಸ್ಕೂಲು, ಆಸ್ಪತ್ರೆ ಎಲ್ಲಾ ಬರುತ್ತಂತೆ. ಆಚೆ ಹೋಗೋದೇ ಬ್ಯಾಡ್ವಂತೆ" ಅಂದ್ಲು. ಅಡ್ವಾನ್ಸ್ ಕಟ್ಟೋಕೆ ತೆಂಗಿನ ತೋಟದ ಮೇಲಿನ ಹೊಲ ಮಾರೋ ಮಾತು ನಡೀತಾ ಐತೆ. ನಾನು ಕೇಳಿದ್ದು ಒಂದೇ. "ಅಲ್ಲಿಗೆ ನೀರೆಲ್ಲಿಂದ ಬರುತ್ತಂತೆ?"

"ಅಯ್ಯೋ, ನಲ್ಲೀಲಿ ಬರುತ್ತೆ ಕಣಕ್ಕ" ಅಂತ ನಕ್ಕಳು.

ನಾನು ನಗಲಿಲ್ಲ. 2024ರ ಬೇಸಿಗೇಲಿ ಮಗಳ ಬಾಣಂತನಕ್ಕೆ ಅಂತ ಅಂಥದ್ದೇ ಒಂದು ಕಾಂಪೌಂಡಲ್ಲಿ ಮೂರು ತಿಂಗಳು ಇದ್ದು ಬಂದೋಳು ನಾನು. ಹೆಸರು ಬ್ಯಾಡ ಬಿಡಿ. ಅನುಕೂಲ ಇಲ್ಲ ಅಂತ ನಾನು ಹೇಳಲ್ಲ. ಅಳಿಯ ಲಿಫ್ಟ್ ಇಳಿದ್ರೆ ಆಫೀಸು, ಮಧ್ಯಾಹ್ನ ಊಟಕ್ಕೆ ಮನೆಗೇ ಬರೋನು. ಮಗೂಗೆ ಲಸಿಕೆ ಹಾಕ್ಸೋಕೆ ಬಿಸಿಲಲ್ಲಿ ಆಟೋ ಹಿಡಿಯೋದು ಇರ್ಲಿಲ್ಲ. ಬೆಂಗಳೂರಿನ ಟ್ರಾಫಿಕ್ಕಲ್ಲಿ ದಿನಾ ಮೂರು ಗಂಟೆ ಕಳೆಯೋ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಆದ್ರೆ ಒಂದು ಬೆಳಗ್ಗೆ ಮಗೂಗೆ ನೀರು ಹಾಕೋಣ ಅಂತ ನಲ್ಲಿ ತಿರುಗಿಸಿದ್ರೆ ಬುಸ್ ಅಂತ ಗಾಳಿ ಬಂತು. ಫೋನಿಗೆ ಮೆಸೇಜು: ಟ್ಯಾಂಕರ್ ಬಂದಿಲ್ಲ, ಸಹಕರಿಸಿ. ಬಾಣಂತಿ ಮನೇಲಿ ಏನ್ ಸಹಕರಿಸೋದು? ಕುಡಿಯೋ ಕ್ಯಾನಿನ ನೀರನ್ನೇ ಕಾಯಿಸಿ ಮಗೂನ ಒರೆಸಿದೆ. ಅಡಿಗೆಗೆ ಬರೋ ಹುಡುಗಿ ರಾಮನಾಥಪುರದ ಕಡೆಯೋಳು. "ನಿಮಗೆ ಇವತ್ತೊಂದಿನ ಅಮ್ಮ, ಗೇಟ್ ಆಚೆ ನಮ್ಮ ವಠಾರದ ಬೋರು ಒಣಗಿ ತಿಂಗಳಾಯ್ತು. ಊರಲ್ಲಿ ಮನೆ ಹಿಂದೇನೇ ಕಾವೇರಿ, ಇಲ್ಲಿ ಬಿಂದಿಗೆ ಹಿಡ್ಕೊಂಡು ಕ್ಯೂ" ಅಂದ್ಲು. ಅವತ್ತಿಂದ ಆ ಮಾತು ನನ್ನ ತಲೇಲಿ ಕೂತ್ಬಿಟ್ಟಿದೆ.

ವೈಟ್‌ಫೀಲ್ಡ್ ಅನ್ನೋದು 1882ರಲ್ಲಿ ಆಂಗ್ಲೋ ಇಂಡಿಯನ್ನರಿಗೆ ಅಂತ ಆದ ಸಣ್ಣ ಊರು. 1990ರ ದಶಕದಲ್ಲಿ ಐಟಿಪಿಎಲ್ ಬಂತು, ಆಮೇಲೆ ಕಚೇರಿಗಳ ಹಿಂದೆ ಅಪಾರ್ಟ್‌ಮೆಂಟುಗಳು. 2023ರಲ್ಲಿ ಮೆಟ್ರೋನೂ ಹೋಯ್ತು. ಮನೆಗಳು ಮೊದಲು ಬಂದ್ವು, ಹೊಳೆ ನೀರು ಕೊನೆಗೆ ಬಂತು. 2007ರಲ್ಲಿ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಶುರುವಾಗಿದ್ದು 2024ರ ಅಕ್ಟೋಬರ್ 16ಕ್ಕೆ. ಅಲ್ಲೀವರೆಗೂ ಆ ಕಡೆ ಬಹಳ ಮನೆಗಳು ಬೋರು, ಟ್ಯಾಂಕರನ್ನೇ ನಂಬ್ಕೊಂಡಿದ್ವು. ಆ ಬೇಸಿಗೇಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಬೇಕಾಯ್ತು.

ಈಗ ಬರೋ ನೀರಾದ್ರೂ ಎಲ್ಲಿಂದು? ನಮ್ಮದೇ. ಸಕಲೇಶಪುರ ದಾಟಿ, ಗೊರೂರಲ್ಲಿ ನಿಂತು, ಹೊಳೆನರಸೀಪುರದ ಪಕ್ಕ ಹರಿದು ಹೋಗೋ ಹೇಮಾವತಿ ಕನ್ನಂಬಾಡಿ ಹಿನ್ನೀರಲ್ಲಿ ಕಾವೇರಿ ಸೇರುತ್ತೆ. ಆ ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪೈಪಲ್ಲಿ, ಮೂರು ಕಡೆ ಪಂಪು ಇಟ್ಟು ಮೇಲೆತ್ತಿ ಬೆಂಗಳೂರಿಗೆ ತಗೊಂಡು ಹೋಗ್ತಾರೆ. ಕುಡಿಯೋ ನೀರು ಕೊಡಬಾರದು ಅನ್ನೋಳಲ್ಲ ನಾನು, ನಮ್ಮ ಮಕ್ಕಳೇ ಅಲ್ಲವ್ರೆ. ಗೊರೂರು ಕಟ್ಟೆಗೆ ಊರು ಬಿಟ್ಟೋರ ಕಷ್ಟ ನಮಗೆ ಗೊತ್ತು, ಶೆಟ್ಟಿಹಳ್ಳಿ ಇಗರ್ಜಿ ಮಳೆಗಾಲದಲ್ಲಿ ಮುಳುಗೋದನ್ನ ಪ್ರತಿ ವರ್ಷ ನೋಡ್ತೀವಿ. ಅಷ್ಟು ದೂರದಿಂದ, ಅಷ್ಟು ಜನರ ಹೊಲ ಮುಳುಗಿಸಿ ಬಂದ ನೀರು ಅನ್ನೋ ಲೆಕ್ಕ ಇಟ್ಕೊಂಡು ಮನೆ ಕಟ್ಟಲಿ ಅಷ್ಟೆ.

ಒಂದೇ ಕಡೆ ಎಲ್ಲಾ ಇರೋದು ಹೊಸದೂ ಅಲ್ಲ. ನಮ್ಮ ಪೇಟೆ ಬೀದಿ ಮನೆಗಳಲ್ಲಿ ಮುಂದೆ ಅಂಗಡಿ, ನಡುವೆ ಮನೆ, ಹಿತ್ತಲಲ್ಲಿ ಬಾವಿ. ನಮ್ಮತ್ತೆ ಹೇಳೋರು, "ಬಾವಿ ತೋಡಿ ನೀರು ಬಿದ್ಮೇಲೇ ಪಾಯ ತೆಗೀತಿದ್ರು" ಅಂತ. ಈಗ ಮೂವತ್ತು ಅಂತಸ್ತು ಎದ್ದು, ಗೃಹಪ್ರವೇಶದ ಹಾಲು ಉಕ್ಕಿದ ಮೇಲೆ ನೀರು ಹುಡುಕ್ತಾರೆ. ಬ್ರೋಷರಲ್ಲಿ ಈಜುಕೊಳದ ಬಣ್ಣದ ಚಿತ್ರ ಇರುತ್ತೆ. ಅದನ್ನ ತುಂಬ್ಸೋ ನೀರಿನ ಮಾತು ಎಲ್ಲೂ ಇರಲ್ಲ. ಮನೆ ನಡೆಸೋ ಹೆಂಗಸು ಒಬ್ಬಳನ್ನ ಕೇಳಿದ್ರೂ ಮೊದಲನೇ ಪುಟದಲ್ಲೇ ಅದನ್ನ ಬರೆಸ್ತಿದ್ಲು.

ಅದಕ್ಕೇ ವಾರಗಿತ್ತಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ. ಗಂಡಸರು ಚದರಡಿ, ಇಎಂಐ ಮಾತಾಡ್ಲಿ, ನಾವು ಇಷ್ಟು ಕೇಳೋಣ. ಕಾವೇರಿ ಸಂಪರ್ಕ ಸಿಕ್ಕಿದೆಯೋ, ಬರೀ ಅರ್ಜಿ ಹಾಕವ್ರೋ? ಬೋರು ಎಷ್ಟು, ಮನೆ ಎಷ್ಟು? ಮಾಲು, ಆಫೀಸು, ಮನೆಗಳಿಗೆಲ್ಲಾ ಒಂದೇ ಸಂಪೋ, ಬೇರೆ ಬೇರೆಯೋ? ಬಳಸಿದ ನೀರು ಶುದ್ಧ ಮಾಡಿ ಕಕ್ಕಸಿಗೆ, ಗಿಡಕ್ಕೆ ಬಿಡೋಕೆ ಬೇರೆ ಪೈಪ್ ಹಾಕವ್ರಾ? ಪಕ್ಕದ ಹಳೇ ಅಪಾರ್ಟ್‌ಮೆಂಟಿನ ಹೆಂಗಸರನ್ನ ಮಾತಾಡ್ಸಿ, ಮಾರ್ಚ್ ಏಪ್ರಿಲ್ ತಿಂಗಳ ಮೇಂಟೆನೆನ್ಸ್ ಬಿಲ್ಲು ಎಷ್ಟು ಬಂತು ಅಂತ ಕೇಳಿ. ಟ್ಯಾಂಕರ್ ಖರ್ಚು ಅಲ್ಲೇ ಗೊತ್ತಾಗುತ್ತೆ. ಇನ್ನೊಂದು, ರೇರಾದಲ್ಲಿ ನೋಂದಣಿ ಆಗಿದೆಯಾ ನೋಡಿ. ಕರಾರು ಪತ್ರ ನೋಂದಣಿ ಆಗೋಕ್ ಮುಂಚೆ ಬೆಲೆಯ ನೂರಕ್ಕೆ 10ಕ್ಕಿಂತ ಜಾಸ್ತಿ ಕೇಳೋಂಗಿಲ್ಲ ಅಂತ ಆ ಕಾಯ್ದೇಲೇ ಐತೆ.

ಇದು ಬೆಂಗಳೂರಿನ ಮಾತು, ನಮಗ್ಯಾಕೆ ಅನ್ಬೇಡಿ. ಹಾಸನದ ಬಿ.ಎಂ. ರಸ್ತೆ ಉದ್ದಕ್ಕೂ ಬಡಾವಣೆ ಬೋರ್ಡು ನೆಟ್ಟವ್ರೆ. ನಾಳೆ ನಮ್ಮಲ್ಲೂ ಮನೆ, ಮಾಲು, ಆಫೀಸು ಒಂದೇ ಗೇಟಿನೊಳಗೆ ಬರುತ್ತೆ. ಬರ್ಲಿ. ಆದ್ರೆ ಒಳಗಿನ ಬೋರು ಗೇಟಿನ ಆಚೆ ಇರೋರ ಬಿಂದಿಗೆ ಬರಿದು ಮಾಡಬಾರದು. ಆ ಆಚೆ ಇರೋರೇ ಒಳಗೆ ಬಂದು ನಮಗೆ ಮುದ್ದೆ ತಿರುವಿ ಕೊಡೋರು.

ಮೊನ್ನೆ ವಾರಗಿತ್ತಿ ಮತ್ತೆ ಫೋನ್ ಮಾಡಿದ್ಲು. ಮಗ ಹೋಗಿ ಕೇಳಿದ್ನಂತೆ. "ನೀರು ಬಂದೇ ಬರುತ್ತೆ ಸಾರ್" ಅಂದ್ರಂತೆ. ಯಾವಾಗ, ಯಾವ ಕಾಗದದಲ್ಲಿ ಬರೆದವ್ರೆ ಅಂತ ಇನ್ನೊಂದ್ಸಲ ಕೇಳು ಅಂದಿದೀನಿ. ಅಲ್ಲೀತನಕ ಹೊಲ ಹಂಗೇ ಇರ್ಲಿ, ಈ ವರ್ಷ ರಾಗಿ ಬಿತ್ತಲಿ.