ಶುಶ್ರೂಷೆ ಕಲಿಯುವ ಮಗಳು ಮತ್ತು ಆರೈಕೆಯ ಕಾಯಕ



ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ತಾಯಿಯೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗಳು ಬೆಳಗಾವಿಯಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವಳು. ಊಟ-ವಸತಿಯ ವೆಚ್ಚ ಮನೆಗೆ ಭಾರವಾಗಿದೆ. ಹಾಸಿಗೆ ಹಿಡಿದ ವೃದ್ಧೆಯೊಬ್ಬರನ್ನು ರಾತ್ರಿಯ ಹೊತ್ತು ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತೇನೆಂದು ಮಗಳು ಹೇಳುತ್ತಿರುವಳು. ಮಾವನವರು, “ಲಿಂಗ ಹಿಡಿಯುವ ಕೈಯಿಂದ ಪರರ ಮಲಮೂತ್ರ ಬಳಿಯುವುದೆ?” ಎಂದು ಒಪ್ಪುತ್ತಿಲ್ಲವಂತೆ.

ಮೊದಲು ಹಿರಿಯರ ಮಾತನ್ನೇ ಎತ್ತಿಕೊಳ್ಳುತ್ತೇವೆ. ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರು. ಹುಟ್ಟು-ಸಾವುಗಳೇ ಮೈಲಿಗೆಯಲ್ಲವೆಂದ ಧರ್ಮದಲ್ಲಿ ರೋಗಿಯ ಹಾಸಿಗೆ ಮೈಲಿಗೆಯಾಗುವುದು ಹೇಗೆ? ಅಲ್ಲದೆ, ಮಗಳನ್ನು ನರ್ಸ್ ಆಗಲೆಂದು ಕಳುಹಿಸಿದ ಮನೆಯವರು ಸಮವಸ್ತ್ರ ಬೇಕು, ಬೆಡ್‌ಪ್ಯಾನ್ ಬೇಡ ಎನ್ನಲಾಗದು. ಇಂಗ್ಲೆಂಡಿನ ಶ್ರೀಮಂತ ಮನೆತನದ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೂ ಮನೆಯವರ ವಿರೋಧ ಎದುರಾಯಿತು. ಕುಲೀನ ಹೆಣ್ಣಿಗೆ ಇದು ತಕ್ಕ ಕೆಲಸವಲ್ಲವೆಂದೇ ಅವರ ತಕರಾರು. ಅದೇ ನೈಟಿಂಗೇಲ್ ಹೆಸರಿನ ನರ್ಸಿಂಗ್ ಶಾಲೆ 1860ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು.

ಆದರೆ ಕೆಲಸ ಪವಿತ್ರವಾದುದೆಂಬ ಮಾತ್ರಕ್ಕೆ ಅದನ್ನು ಈಗಲೇ, ಹೀಗೆಯೇ ಒಪ್ಪಿಕೊಳ್ಳಬೇಕೆಂದು ನಾವು ಹೇಳಲಾರೆವು. ನರ್ಸಿಂಗ್ ಓದು ಪುಸ್ತಕದ ಓದಷ್ಟೇ ಅಲ್ಲ. ತರಗತಿಗಳಲ್ಲಿ ನೂರಕ್ಕೆ 80ರಷ್ಟು ಹಾಜರಿ ಬೇಕು. ಆಸ್ಪತ್ರೆಯಲ್ಲಿ ರೋಗಿಗಳ ಬಳಿ ಕಲಿಯುವ ಅವಧಿಯನ್ನಂತೂ ಪದವಿ ಪಡೆಯುವ ಮೊದಲು ಪೂರ್ತಿಯಾಗಿ, ನೂರಕ್ಕೆ ನೂರು, ಮುಗಿಸಲೇಬೇಕು. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ ವಾರ್ಡಿನಲ್ಲಿ ನಿಂತ ಹುಡುಗಿಯ ಕೈಯಲ್ಲಿ ಔಷಧದ ಅಳತೆ ತಪ್ಪಿದರೆ ಅದರ ಫಲ ಉಣ್ಣುವವನು ರೋಗಿ. ದಿನವೂ ರಾತ್ರಿ ಪಾಳಿ ಎಂಬುದಕ್ಕೆ ನಮ್ಮ ಸಮ್ಮತಿ ಇಲ್ಲ. ರಾತ್ರಿ ಹೊರಗಿರಲು ವಸತಿಗೃಹದವರು ಬಿಡುವರೆ ಎಂಬುದನ್ನೂ ಪ್ರಾಂಶುಪಾಲರಲ್ಲಿ ಮೊದಲೇ ಕೇಳಬೇಕು; ಮುಚ್ಚಿಟ್ಟು ಮಾಡುವ ಕೆಲಸ ಬೇಡ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತದೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದಳು ಆ ಶರಣೆ. ಊಟದ ಖರ್ಚಿಗೆ ಎಷ್ಟು ಬೇಕೆಂದು ತಾಯಿ-ಮಗಳು ಕುಳಿತು ಲೆಕ್ಕ ಹಾಕಲಿ. ಅಷ್ಟಕ್ಕೆ ಭಾನುವಾರದ ಹಗಲು, ದೀರ್ಘ ರಜೆಯ ದಿನಗಳು ಸಾಕಾದರೆ ಅದಕ್ಕಿಂತ ಹೆಚ್ಚು ಬೇಡ.

ಸಾಲದಿದ್ದರೆ? ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನ ತಮ್ಮ ವರಮಾನಕ್ಕೆ ದೊರೆಯುವುದೆ ಎಂದು ವಿಚಾರಿಸಲಿ. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಮುಂದೆ ಬಂದವರನ್ನು ನಾಡು ಬಲ್ಲದು. ಗಂಡುಮಕ್ಕಳ ಓದಿಗೆ ಬಿಚ್ಚಿದ ಕೈ ಹೆಣ್ಣುಮಕ್ಕಳ ಓದಿಗೆ ಬಂದಾಗ ಬಿಗಿಯಾಗುತ್ತದೆಂಬುದು ಸಮಾಜದ ಬಗೆಗೆ ನಮ್ಮ ಹಳೆಯ ಅಸಮಾಧಾನ. ಕ್ಯಾಸಲ್‌ರಾಕ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಳೆಂನಿಂದ ಘಟ್ಟವೇರಿ ಬರುವ ಗಾಡಿಗೆ ಹಿಂದಿನಿಂದ ನೂಕುವ ಎಂಜಿನ್‌ಗಳನ್ನು ಹಚ್ಚುವುದನ್ನು ಅವರು ದಿನವೂ ನೋಡುವರು. 37 ಅಡಿಗೆ 1 ಅಡಿ ಏರುವ ದಾರಿಯಲ್ಲಿ ಮುಂದಿನ ಎಂಜಿನ್ ಒಂದೇ ಸಾಲದು.

ಇನ್ನು ಕೆಲಸದ ಮಿತಿ. ವಿದ್ಯಾರ್ಥಿನಿ ಇನ್ನೂ ನೋಂದಾಯಿತ ನರ್ಸ್ ಅಲ್ಲ. ಪದವಿ ಮುಗಿಸಿ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ದಾಖಲಾದ ಮೇಲೆಯೇ ಆ ಅಧಿಕಾರ. “ಹೇಗಿದ್ದರೂ ಕಲಿಯುತ್ತಿದ್ದೀಯಲ್ಲ, ಇಂಜೆಕ್ಷನ್ ನೀನೇ ಕೊಡವ್ವ” ಎಂದು ಮನೆಯವರು ಸಲಿಗೆಯಿಂದ ಹೇಳಿಯಾರು. ಆಕೆ ವಿನಯದಿಂದ, ಆದರೆ ಖಂಡಿತವಾಗಿ, ಒಲ್ಲೆನೆನ್ನಬೇಕು. ಮೈ ಒರೆಸುವುದು, ಎಬ್ಬಿಸಿ ಕೂರಿಸಿ ಗಂಜಿ ಕುಡಿಸುವುದು, ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಕೈ ತೊಳೆದುಕೊಳ್ಳುವುದು: ಇವು ಸಣ್ಣ ಕೆಲಸಗಳೆಂದು ತೋರುತ್ತವೆ. ಹಾಸಿಗೆ ಹಿಡಿದವರ ಬಾಳು ನಿಂತಿರುವುದು ಇವುಗಳ ಮೇಲೆಯೇ. ಇವನ್ನು ಕೈಯಾರೆ ಮಾಡಿದವಳು ಮುಂದೆ ವಾರ್ಡಿನಲ್ಲಿ ಆಯಾಗಳನ್ನು ಗದರಿಸಲಾರಳು.

ಕೆಲಸದ ನಡುವೆ ಲಿಂಗಪೂಜೆಯ ಹೊತ್ತು ತಪ್ಪಿದರೇನು ಎಂದೂ ತಾಯಿ ಕೇಳಿರುವರು. ನುಲಿಯ ಚಂದಯ್ಯನ ಪ್ರಸಂಗವನ್ನು ಮಾವನವರಿಗೆ ಓದಿ ಹೇಳಲಿ. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗಕ್ಕಾಗಿಯೂ ಆತ ಕಾಯಕ ನಿಲ್ಲಿಸಲಿಲ್ಲ. ವೃದ್ಧೆ ನೀರು ಕೇಳಿದಾಗ ಮೊದಲು ನೀರು ಕೊಡಲಿ, ಪೂಜೆ ಅರ್ಧ ತಾಸು ತಡವಾಗಲಿ.

ಮಾವನವರ ಆತಂಕದಲ್ಲಿ ಒಂದು ಭಾಗ ಮಾತ್ರ ನಿಜವಾದುದು: ಅಪರಿಚಿತರ ಮನೆ, ಹರೆಯದ ಹುಡುಗಿ. ಆದುದರಿಂದ ತಾಯಿ ಲೋಂಡಾ ಮಾರ್ಗವಾಗಿ ಬೆಳಗಾವಿಗೆ ಒಮ್ಮೆ ಹೋಗಿ ಆ ಮನೆಯನ್ನು ಕಣ್ಣಾರೆ ಕಾಣಲಿ. ಮನೆಯಲ್ಲಿ ಬೇರೆ ಹೆಂಗಸರು ಇರುವರೆ, ಸಂಬಳವೆಷ್ಟು, ಪರೀಕ್ಷೆಯ ತಿಂಗಳು ಬಿಡುವು ಕೊಡುವರೆ ಎಂಬುದನ್ನು ಕೇಳಿ ಕಾಗದದಲ್ಲಿ ಬರೆಸಿಕೊಳ್ಳಲಿ. ಸಾಧ್ಯವಾದರೆ ಮಾವನವರನ್ನೂ ಜೊತೆಗೆ ಕರೆದೊಯ್ಯಲಿ; ಆ ವೃದ್ಧೆ ಅವರ ವಯಸ್ಸಿನವರೇ ಇದ್ದಾರು.